ಸಕ್ಕರೆ ಡಬ್ಬದ ಬೀಗ

ನಮ್ಮ ಅಡಿಗೆಮನೆಯ ನಾಗಂದಿಗೆಯ ಮೇಲೆ ಒಂದು ಹಿತ್ತಾಳೆಯ ಡಬ್ಬವಿದೆ. ಅದರ ಮುಚ್ಚಳಕ್ಕೆ ಕೊಂಡಿಯಿದೆ. ಕೊಂಡಿಗೆ ಒಂದು ಕಾಲದಲ್ಲಿ ಪುಟ್ಟದೊಂದು ಬೀಗವೂ ಇತ್ತು. ಬೀಗ ಹಾಕಿದವನು ನಾನು. ಹಾಕಿದ್ದು ಕಳ್ಳರ ಭಯದಿಂದಲ್ಲ, ನನ್ನ ತಾಯಿಯ ಭಯದಿಂದ. ಡಬ್ಬದಲ್ಲಿದ್ದದ್ದು ಸಕ್ಕರೆ.

ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಗಿತ್ತು. ಕಾಫಿಗೆ ಸಕ್ಕರೆ ನಿಂತಿತ್ತು, ಹಬ್ಬದ ಹೋಳಿಗೆಯಲ್ಲಿ ಕಾಲು ಭಾಗ ಮಾತ್ರ ಎಂದು ನಿಯಮವಾಗಿತ್ತು. ಎದುರಿಗೆ ಅವಳು ಎಲ್ಲಕ್ಕೂ ಒಪ್ಪುವಳು. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಡಬ್ಬ ತೆರೆದು ಒಂದು ಚಮಚ ಸಕ್ಕರೆಯನ್ನು ಅಂಗೈಗೆ ಸುರಿದುಕೊಂಡು ನೆಕ್ಕುವಳು. ಒಂದು ದಿನ ನಾನು ಕಾಲೇಜಿನಿಂದ ಬೇಗ ಬಂದೆ. ಎಪ್ಪತ್ತೆರಡು ವರ್ಷದ ಹೆಂಗಸು, ಕದ್ದು ಸಿಕ್ಕಿಬಿದ್ದ ಹುಡುಗಿಯ ಹಾಗೆ ಕೈಯನ್ನು ಸೆರಗಿನ ಹಿಂದೆ ಮರೆಮಾಡಿದಳು. “ಅಮ್ಮ, ನಿನಗೆ ನಾಚಿಕೆಯಾಗುವುದಿಲ್ಲವೆ? ಇಷ್ಟು ವಯಸ್ಸಾಗಿ ಒಂದು ಚಮಚ ಸಕ್ಕರೆ ಬಿಡಲಾರೆಯಾ?” ಎಂದೆ. ಅವಳು, “ಬಿಡಬೇಕು ಅಂತ ಗೊತ್ತು ಕಣಪ್ಪ” ಎಂದಳು, ಅಷ್ಟೆ. ಮಾರನೆಯ ದಿನ ಬೀಗ ತಂದೆ.

ಗೊತ್ತು ಎಂಬ ಆ ಮಾತನ್ನು ನಾನು ಆಗ ನೆಪವೆಂದು ತಿಳಿದೆ. ಗೊತ್ತಿದ್ದರೆ ಬಿಡಬೇಕು, ಬಿಡದಿದ್ದರೆ ಗೊತ್ತಿಲ್ಲವೆಂದೇ ಅರ್ಥ ಎಂಬುದು ನನ್ನ ತರ್ಕ. ಈ ತರ್ಕ ನನ್ನದೊಬ್ಬನದೇ ಅಲ್ಲ, ಗ್ರೀಸ್ ದೇಶದ ಸಾಕ್ರಟೀಸನದೂ ಹೌದು. ತಿಳಿದೂ ತಿಳಿದೂ ಯಾರೂ ಕೆಟ್ಟದ್ದನ್ನು ಮಾಡುವುದಿಲ್ಲ, ಮಾಡಿದವನಿಗೆ ತಿಳಿವು ಇರಲಿಲ್ಲ ಎಂದು ಅವನ ವಾದ. ಅಮ್ಮನ ಮೇಲೆ ಅದನ್ನು ಪ್ರಯೋಗಿಸುವಾಗ ನನಗೆ ಸಾಕ್ರಟೀಸನ ಹೆಸರು ನೆನಪಾಗಲಿಲ್ಲವೆನ್ನಿ. ನೆನಪಾದದ್ದು ಅಮ್ಮ ತೀರಿಕೊಂಡು ಮೂರು ವರ್ಷವಾದ ಮೇಲೆ, ನನ್ನದೇ ರಕ್ತಪರೀಕ್ಷೆಯ ಚೀಟಿ ನನ್ನ ಕೈಯಲ್ಲಿದ್ದಾಗ.

ವೈದ್ಯರು ಸೌಮ್ಯರು. “ಇನ್ನೂ ಕಾಯಿಲೆ ಅನ್ನುವ ಹಾಗಿಲ್ಲ ಮೇಷ್ಟ್ರೇ, ಹೊಸ್ತಿಲ ಮೇಲೆ ನಿಂತಿದ್ದೀರಿ. ಈಚೆಗೂ ಬರಬಹುದು, ಆಚೆಗೂ ಹೋಗಬಹುದು” ಎಂದರು. ದಿನಕ್ಕೆ ಎಷ್ಟು ಸಕ್ಕರೆ ತಿನ್ನುತ್ತೀರಿ ಎಂದು ಕೇಳಿದರು. ಹೆಚ್ಚೇನೂ ಇಲ್ಲ ಎಂದೆ. ಮನೆಗೆ ಬಂದು ಲೆಕ್ಕ ಹಾಕಿದೆ. ದಿನಕ್ಕೆ ಐದು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ. ಅಲ್ಲಿಗೆ ಹತ್ತು ಚಮಚ. ಒಂದು ಚಮಚವೆಂದರೆ ನಾಲ್ಕರಿಂದ ಐದು ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ ಇಂಥ ಬೆರಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ನೂರರಲ್ಲಿ ಹತ್ತು ಪಾಲನ್ನು ಮೀರಬಾರದು. ಐದು ಪಾಲಿಗೆ ಇಳಿಸಿದರೆ ಇನ್ನೂ ಒಳ್ಳೆಯದು. ಸಾಧಾರಣ ಮನುಷ್ಯನಿಗೆ ಹತ್ತು ಪಾಲು ಎಂದರೆ ಸುಮಾರು 50 ಗ್ರಾಂ. ಎಂದಮೇಲೆ ನನ್ನ ಕಾಫಿಯೊಂದೇ ಆ ಗಡಿಯನ್ನು ಮುಟ್ಟುತ್ತಿತ್ತು. ಅಧ್ಯಾಪಕರ ಕೊಠಡಿಯಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಬಂದ ಮೈಸೂರುಪಾಕು, ಸಂಜೆಯ ಬಿಸ್ಕತ್ತು, ಊಟವಾದ ಮೇಲೆ “ಬಾಯಿಗೆ” ಎಂದು ಹಾಕಿಕೊಳ್ಳುವ ಬೆಲ್ಲದ ಚೂರು, ಇವು ಲೆಕ್ಕಕ್ಕೇ ಬಂದಿರಲಿಲ್ಲ. ಬೆಲ್ಲವಾದರೆ ದೋಷವಿಲ್ಲ ಎಂದು ನಮ್ಮಲ್ಲಿ ಒಂದು ನಂಬಿಕೆಯಿದೆ. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಇರುವುದೇನೋ ನಿಜ. ಆದರೆ ಅದರ ಬಹುಭಾಗ ಸಕ್ಕರೆಯೇ. ಕಾವಿ ಉಟ್ಟ ಮಾತ್ರಕ್ಕೆ ಅದು ಸಂನ್ಯಾಸಿಯಾಗುವುದಿಲ್ಲ.

ಬಿಡುತ್ತೇನೆ ಎಂದುಕೊಂಡೆ. ಸೋಮವಾರ ಬಿಟ್ಟೆ. ಬುಧವಾರ ಸಂಜೆ ನಾಲ್ಕು ಗಂಟೆಗೆ, ಹಳಗನ್ನಡದ ಪಾಠ ಮುಗಿಸಿ ಬಂದವನು, ಸಹೋದ್ಯೋಗಿಯೊಬ್ಬರ ಮೇಜಿನ ಮೇಲಿದ್ದ ಧಾರವಾಡ ಪೇಡೆಯ ಪೆಟ್ಟಿಗೆಯ ಮುಂದೆ ನಿಂತಿದ್ದೆ. ಅವರು ಕೊಠಡಿಯಲ್ಲಿರಲಿಲ್ಲ. ಒಂದು ಪೇಡೆ ಬಾಯಿಗೆ ಹೋಯಿತು. ಬಾಗಿಲ ಬಳಿ ಯಾರದೋ ಹೆಜ್ಜೆಯ ಸದ್ದಾಯಿತು. ಆಗ ನನ್ನ ಬಲಗೈ ತಾನೇ ತಾನಾಗಿ ಬೆನ್ನ ಹಿಂದೆ ಹೋಯಿತು. ಆ ಕೈಯನ್ನು ನಾನು ಹಿಂದೆ ಒಮ್ಮೆ ನೋಡಿದ್ದೆ.

ಸಾಕ್ರಟೀಸನ ವಾದವನ್ನು ಅರಿಸ್ಟಾಟಲ್ ಹಾಗೆಯೇ ಒಪ್ಪಲಿಲ್ಲ. ತನ್ನ ನೀತಿಗ್ರಂಥದ ಏಳನೆಯ ಭಾಗವನ್ನು ಅವನು ಬಹುಮಟ್ಟಿಗೆ ಈ ಪ್ರಶ್ನೆಗೇ ಮೀಸಲಿಟ್ಟಿದ್ದಾನೆ. ವಿಶೇಷವೇನೆಂದರೆ, ಅಲ್ಲಿ ಅವನು ಎತ್ತಿಕೊಳ್ಳುವ ಉದಾಹರಣೆಯೂ ಸಿಹಿಯದೇ. ಬೇಡವೆಂದು ತಡೆಯುವ ಒಂದು ತಿಳಿವು ನಮ್ಮಲ್ಲಿರುತ್ತದೆ. ಸಿಹಿಯೆಲ್ಲ ಹಿತ, ಇದು ಸಿಹಿ ಎಂಬ ಇನ್ನೊಂದು ತಿಳಿವೂ ಇರುತ್ತದೆ. ಆಸೆ ಎದ್ದಾಗ ಎರಡನೆಯದು ಕೈಯನ್ನು ಚಾಚಿಸುತ್ತದೆ. ಆಗ ಮೊದಲನೆಯ ತಿಳಿವು ಎಲ್ಲಿಗೂ ಓಡಿಹೋಗಿರುವುದಿಲ್ಲ, ಆದರೆ ಕುಡಿದವನು ಕವಿಯ ಪದ್ಯವನ್ನು ಒಪ್ಪಿಸುವ ರೀತಿಯಲ್ಲಿ ಇರುತ್ತದೆ ಎನ್ನುತ್ತಾನೆ. ಪದ್ಯ ಸರಿಯಾಗಿಯೇ ಇರುತ್ತದೆ. ಅರ್ಥ ಅವನೊಳಗೆ ಇಳಿದಿರುವುದಿಲ್ಲ. ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಪದ್ಯ ಒಪ್ಪಿಸುತ್ತಿರುವ ನನಗೆ ಈ ಹೋಲಿಕೆ ಸ್ವಲ್ಪ ಚುಚ್ಚಿತು. ನಮ್ಮಲ್ಲಿ ದುರ್ಯೋಧನನ ಬಾಯಲ್ಲಿ ಹೇಳಿಸುವ ಒಂದು ಪ್ರಸಿದ್ಧ ಶ್ಲೋಕವಿದೆ. ಧರ್ಮ ಯಾವುದೆಂದು ತನಗೆ ಗೊತ್ತಿದ್ದರೂ ಮನಸ್ಸು ಅತ್ತ ನಡೆಯದೆಂದು ಅವನು ಒಪ್ಪಿಕೊಳ್ಳುತ್ತಾನೆ. ಅಮ್ಮ ಹೇಳಿದ್ದೂ ಅದನ್ನೇ. ದುರ್ಯೋಧನ ಸಂಸ್ಕೃತದಲ್ಲಿ ಹೇಳಿದರೆ ಅದು ತತ್ತ್ವ. ಅಮ್ಮ ಅಡಿಗೆಮನೆಯಲ್ಲಿ ಹೇಳಿದರೆ ನೆಪ!

ಬರಿಯ ಸಂಕಲ್ಪದಿಂದ ಆಗದು ಎಂದು ಖಚಿತವಾದ ಮೇಲೆ ಉಪವಾಸದ ಯೋಚನೆ ಬಂತು. ನಮ್ಮ ಅಜ್ಜಿ ತಪ್ಪದೆ ಏಕಾದಶಿ ಮಾಡುತ್ತಿದ್ದಳು. ಗುಟುಕು ನೀರನ್ನೂ ಮುಟ್ಟದ ಉಪವಾಸ. ಆದರೆ ಏಕಾದಶಿಯ ಸಂಜೆಯಾಗುತ್ತಲೇ ಅವಳಿಗೆ ದ್ವಾದಶಿಯ ಚಿಂತೆ ಹತ್ತಿಕೊಳ್ಳುತ್ತಿತ್ತು. “ಅಗಸೆ ಸೊಪ್ಪು ತಂದಿರೇನೋ? ನೆಲ್ಲಿಕಾಯಿ ಇದೆಯೇನೋ? ಹೆಸರುಬೇಳೆ ಪಾಯಸಕ್ಕೆ ಬೆಲ್ಲ ಕುಟ್ಟಿಟ್ಟಿರೇನೋ?” ಎಂದು ಎದ್ದು ಕೂತು ವಿಚಾರಿಸುವಳು. ಪಾರಣೆಗೆ ಬೆಳಗಿನ ಜಾವವೇ ಎಲೆ ಬೀಳಬೇಕು. ಉಪವಾಸ ದೇವರದು, ಪಾರಣೆ ಅಜ್ಜಿಯದು ಎಂದು ನಮ್ಮ ತಂದೆ ತಮಾಷೆ ಮಾಡುತ್ತಿದ್ದರು.

ನನ್ನ ಉಪವಾಸ ಅಷ್ಟು ಉಗ್ರವಾದುದಲ್ಲ. ರಾತ್ರಿ ಏಳೂವರೆಗೆ ಊಟ ಮುಗಿಸುವುದು. ಮರುದಿನ ಬೆಳಗ್ಗೆ ಹತ್ತರವರೆಗೆ ನೀರು, ಸಕ್ಕರೆಯಿಲ್ಲದ ಕಾಫಿಯ ಕಷಾಯ ಇಷ್ಟೇ. ಹದಿನೈದು ದಿನಕ್ಕೊಮ್ಮೆ ಏಕಾದಶಿಯಂದು ಒಂದೇ ಹೊತ್ತು ಊಟ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಅವರಲ್ಲಿ ರಕ್ತದ ಸಕ್ಕರೆ ಇದ್ದಕ್ಕಿದ್ದಂತೆ ತೀರ ಕೆಳಗಿಳಿದು ಪ್ರಾಣಕ್ಕೇ ಅಪಾಯವಾದೀತು. ಉಪವಾಸದ ಮಹಿಮೆಯನ್ನು ಬೆಟ್ಟದಷ್ಟು ಮಾಡಿ ಹೇಳುವವರೂ ಈಗ ಹೆಚ್ಚಾಗಿದ್ದಾರೆ. ಜಪಾನಿನ ಯೋಶಿನೋರಿ ಓಸುಮಿಯವರಿಗೆ 2016ರಲ್ಲಿ ನೊಬೆಲ್ ಬಹುಮಾನ ಬಂದದ್ದೇ ಏಕಾದಶಿಯನ್ನು ಮೆಚ್ಚಿ ಎಂಬಂತೆ ಮಾತನಾಡುತ್ತಾರೆ. ಜೀವಕೋಶ ತನ್ನ ಹಳೆಯ ಭಾಗಗಳನ್ನು ತಾನೇ ಜೀರ್ಣಿಸಿಕೊಂಡು ಮರುಬಳಕೆ ಮಾಡುವ ಕ್ರಮವನ್ನು ಅವರು ಹುದುಗಿನ ಕಣಗಳಲ್ಲಿ ಕಂಡುಹಿಡಿದರು. ಹುದುಗಿಗೆ ಪಂಚಾಂಗ ಗೊತ್ತಿಲ್ಲ.

ಮೊದಲ ತಿಂಗಳಲ್ಲಿ ನಾನು ಕಲಿತದ್ದು ಇಷ್ಟು: ಉಪವಾಸ ಸುಲಭ, ಪಾರಣೆ ಕಷ್ಟ. ಹತ್ತು ಗಂಟೆಯವರೆಗೆ ಋಷಿಯಾಗಿದ್ದವನು ಹತ್ತೂ ಐದಕ್ಕೆ ಕೇಸರಿಭಾತಿನ ಮೇಲೆ ಬೀಳುತ್ತಿದ್ದೆ. ಬೆಳಗಿನಿಂದ ತಿಂದಿಲ್ಲ, ಆದ್ದರಿಂದ ನನಗೆ ಹಕ್ಕಿದೆ ಎಂದು ಮನಸ್ಸು ವಕಾಲತ್ತು ಹೂಡುತ್ತಿತ್ತು. ಉಪವಾಸ ಆಸೆಯನ್ನು ಕೊಲ್ಲುವ ಬದಲು ಅದಕ್ಕೆ ಸಂಬಳ ಕೊಟ್ಟು ಸಾಕುತ್ತಿತ್ತು. ಮಹಾತ್ಮಾ ಗಾಂಧಿಯವರು ಆತ್ಮಕಥೆಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರಂನಲ್ಲಿ ಅವರು ತಾವೂ ಉಪವಾಸ ಮಾಡಿ, ಮುಸಲ್ಮಾನ ಹುಡುಗರ ರಂಜಾನ್ ಉಪವಾಸಕ್ಕೆ ಉಳಿದವರನ್ನೂ ಜೊತೆಗೂಡಿಸಿದರು. ಆದರೆ ಉಪವಾಸದ ಬಳಿಕ ನಾಲಗೆಯ ಚಾಪಲ್ಯ ಇನ್ನಷ್ಟು ಕೆರಳಿದ ಗೆಳೆಯರನ್ನೂ ಅವರು ಕಂಡಿದ್ದರು. ಅಲ್ಲಿ ಅವರು ಗೀತೆಯ ಎರಡನೆಯ ಅಧ್ಯಾಯವನ್ನು ನೆನೆಯುತ್ತಾರೆ: ಆಹಾರ ಬಿಟ್ಟವನಿಂದ ವಿಷಯಗಳೇನೋ ದೂರ ಸರಿಯುತ್ತವೆ, ರುಚಿ ಮಾತ್ರ ಒಳಗೇ ಉಳಿಯುತ್ತದೆ ಎಂಬ ಅಭಿಪ್ರಾಯ ಬರುವ ಜಾಗವದು. ಮುಂದೆ 1915ರಲ್ಲಿ ಹರಿದ್ವಾರದ ಕುಂಭಮೇಳದಲ್ಲಿ ಅವರು ಕೈಗೊಂಡ ವ್ರತ ಉಪವಾಸದ್ದಲ್ಲ. ದಿನಕ್ಕೆ ಐದು ಪದಾರ್ಥಗಳನ್ನು ಮೀರದಿರುವುದು, ಕತ್ತಲಾದ ಮೇಲೆ ಉಣ್ಣದಿರುವುದು. ಬಿಡುವುದಕ್ಕಿಂತ ಉಣ್ಣುವುದರಲ್ಲಿ ಹೆಚ್ಚು ಎಚ್ಚರ ಬೇಕೆಂದು ಅವರಿಗೆ ಕಂಡಿರಬೇಕು.

ನನ್ನ ಹೆಂಡತಿ ಇಷ್ಟೆಲ್ಲ ಓದಿದವಳಲ್ಲ. ಒಂದು ದಿನ ಅವಳು, “ನೀವು ಉಪವಾಸ ಬಿಡುವಾಗ ಏನು ತಿನ್ನಬೇಕು ಅನ್ನುವುದನ್ನು ನನಗೆ ಬಿಡಿ” ಎಂದಳು. ಅಂದಿನಿಂದ ಹತ್ತು ಗಂಟೆಗೆ ಮೊಳಕೆ ಬರಿಸಿದ ಹೆಸರುಕಾಳಿನ ಉಸಲಿ, ಇಲ್ಲವೆ ತರಕಾರಿ ಹೆಚ್ಚಾಗಿ ರವೆ ಕಡಮೆಯಾದ ಉಪ್ಪಿಟ್ಟು, ಒಂದು ಲೋಟ ಮಜ್ಜಿಗೆ. ಮಧ್ಯಾಹ್ನ ಅನ್ನ ಅರ್ಧವಾಗಿ, ಹುಳಿಯಲ್ಲಿ ಬೇಳೆ ಇಮ್ಮಡಿಯಾಯಿತು. ರಾಗಿಮುದ್ದೆಯೂ ಬಂತು. ಮಂಡ್ಯದ ಸೀಮೆಯಲ್ಲಿ ಹುಟ್ಟಿಯೂ ನಮ್ಮ ಮನೆಗೆ ಮುದ್ದೆ ಬಂದದ್ದು ವೈದ್ಯರ ಚೀಟಿಯ ಮೂಲಕ ಎಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಸುತ್ತಲಿನ ಒಕ್ಕಲುಮಕ್ಕಳು ತಲೆತಲಾಂತರದಿಂದ ಉಂಡದ್ದನ್ನು ನಾವು ಕೀಳೆಂದು ಬಿಟ್ಟೆವು. ಈಗ ಅದನ್ನೇ ಔಷಧವೆಂದು ಅಂಗಡಿಯಲ್ಲಿ ದುಡ್ಡು ಕೊಟ್ಟು ತರುತ್ತೇವೆ.

ಮೂರು ವಾರ ಕಳೆಯುವ ಹೊತ್ತಿಗೆ ನಾಲ್ಕು ಗಂಟೆಯ ಪಿಶಾಚಿ ಮೆತ್ತಗಾಯಿತು. ಅದು ಪಿಶಾಚಿಯೇ ಅಲ್ಲ, ಮಧ್ಯಾಹ್ನದ ಬಿಳಿ ಅನ್ನದ ರಾಶಿಗೂ ಅದಕ್ಕೂ ಸಂಬಂಧವಿತ್ತು ಎಂದು ಆಗ ತಿಳಿಯಿತು. ಅನ್ನ ಬೇಗ ಸಕ್ಕರೆಯಾಗಿ ರಕ್ತಕ್ಕಿಳಿಯುತ್ತದೆ, ಇನ್ಸುಲಿನ್ ಅದನ್ನು ಬೇಗ ಒಳಗೆ ಎಳೆದುಕೊಳ್ಳುತ್ತದೆ, ಸಂಜೆಯ ಹೊತ್ತಿಗೆ ಬತ್ತಿ ಸಣ್ಣಗಾದ ದೀಪದಂತೆ ಮನುಷ್ಯ ಮತ್ತೆ ಎಣ್ಣೆ ಕೇಳುತ್ತಾನೆ. ಕಾಳು, ಸೊಪ್ಪು, ಮಜ್ಜಿಗೆ ನಿಧಾನವಾಗಿ ಉರಿಯುವ ಪದಾರ್ಥಗಳು. ಎಷ್ಟೋ ದಿನ ನನ್ನ ಚಾರಿತ್ರ್ಯದ ದೋಷವೆಂದು ನಾನು ಕೊರಗಿದ್ದರಲ್ಲಿ ಅರ್ಧ ಭಾಗ ಬೇಳೆಯ ಅಭಾವ!

ಹಾಗಾದರೆ ಉಪವಾಸ ದಂಡವೆ? ಅದೂ ಅಲ್ಲ. ಉಪವಾಸ ನನಗೆ ಒಂದು ವಿವೇಕವನ್ನು ಕಲಿಸಿತು. ಹಸಿವು ಬೇರೆ, ಚಪಲ ಬೇರೆ. ಹಸಿವು ಬಂದವನಿಗೆ ಮುದ್ದೆಯಾದರೂ ಸರಿ, ತಂಗಳನ್ನವಾದರೂ ಸರಿ. ಚಪಲಕ್ಕೆ ಪೇಡೆಯೇ ಬೇಕು. ಮುದ್ದೆ ತೋರಿಸಿದರೆ ಮುಖ ತಿರುಗಿಸುತ್ತದೆ. ಈ ಪರೀಕ್ಷೆ ಗೊತ್ತಾದ ಮೇಲೆ ನಾನು ಸಂಜೆ ಮನಸ್ಸನ್ನು, “ಮುದ್ದೆ ತಿನ್ನುತ್ತೀಯೇನಪ್ಪ?” ಎಂದು ಕೇಳಿ ನೋಡುತ್ತೇನೆ. ಬೇಡ ಎಂದರೆ, “ಹಾಗಾದರೆ ಸುಮ್ಮನಿರು” ಎನ್ನುತ್ತೇನೆ. ಇನ್ನೊಂದು ವಿಷಯ: ಹಸಿವು ಅಲೆಯಂತೆ ಬಂದು ಅಲೆಯಂತೆ ಹೋಗುತ್ತದೆ. ಎಂಟು ಗಂಟೆಗೆ ಕರುಳು ಕಿತ್ತುಬರುವಂತಿದ್ದದ್ದು ಒಂಬತ್ತಕ್ಕೆ, ಏನೂ ತಿನ್ನದಿದ್ದರೂ, ತಣ್ಣಗಾಗಿರುತ್ತದೆ. ರೂಢಿಯ ಹೊತ್ತಿಗೆ ಹೊಟ್ಟೆ ಗಂಟೆ ಬಾರಿಸುತ್ತದೆ. ಬಾಗಿಲು ತೆರೆಯದಿದ್ದರೆ ಬಂದವನು ಹೊರಟುಹೋಗುತ್ತಾನೆ. ನಲವತ್ತಾರು ವರ್ಷ ಇದು ನನಗೆ ಗೊತ್ತಿರಲಿಲ್ಲ, ಏಕೆಂದರೆ ಒಂದು ಸಲವೂ ಬಾಗಿಲು ತೆರೆಯದೆ ಇದ್ದವನಲ್ಲ. ಉಪವಾಸವೆಂಬ ಮಾತಿಗೆ ಹತ್ತಿರ ವಾಸಿಸುವುದು ಎಂದು ಅರ್ಥ. ದೇವರ ಹತ್ತಿರ ಎಂದು ಹಿರಿಯರು ಹೇಳುತ್ತಾರೆ. ನನಗೆ ಅಷ್ಟು ದೂರ ಹೋಗಲಾಗಲಿಲ್ಲ. ನನ್ನ ಹೊಟ್ಟೆಯ ಹತ್ತಿರ ಒಂದಿಷ್ಟು ಹೊತ್ತು ಕುಳಿತು ಅದರ ಮಾತು ಕೇಳಿಸಿಕೊಂಡೆ.

ನಾಲಗೆಯೂ ಬದಲಾಯಿತು. ಎರಡು ಚಮಚದಿಂದ ಒಂದಕ್ಕೆ, ಒಂದರಿಂದ ಅರ್ಧಕ್ಕೆ ಇಳಿದು ಕೊನೆಗೆ ಬರಿಯ ಹಾಲಿನ ಸಿಹಿಯೇ ಕಾಫಿಗೆ ಸಾಕೆನಿಸಿತು. ಹಾಲಿಗೆ ಸಿಹಿಯಿದೆ ಎಂಬುದನ್ನು ಹಸುಗೂಸಾಗಿದ್ದಾಗ ತಿಳಿದಿದ್ದೆ, ಆಮೇಲೆ ಮರೆತಿದ್ದೆ. ಚಿಕ್ಕಂದಿನಲ್ಲಿ ಊರಿನ ಆಲೆಮನೆಗೆ ಹೋಗಿ ಕೊಪ್ಪರಿಗೆಯ ಪಕ್ಕದಲ್ಲಿ ಎಲೆ ಹಿಡಿದು ನಿಲ್ಲುತ್ತಿದ್ದೆವು. ಬಿಸಿಬೆಲ್ಲದ ಒಂದು ತುತ್ತಿಗಾಗಿ ಅರ್ಧ ದಿನ ಕಾಯುತ್ತಿದ್ದೆವು. ಮಂಡ್ಯದಲ್ಲಿ 1933ರಲ್ಲಿ ಸಕ್ಕರೆ ಕಂಪೆನಿ ಹುಟ್ಟಿ, ನಾಲೆಯ ನೀರು ಹರಿದು, ಕಬ್ಬು ನಮ್ಮ ಸೀಮೆಗೆ ಅನ್ನ ಕೊಟ್ಟಿತು. ಅದನ್ನು ಹೀಗಳೆಯುವ ಕೃತಘ್ನ ನಾನಲ್ಲ. ಆದರೆ ಆಗ ಸಿಹಿ ಬರುತ್ತಿದ್ದದ್ದು ಸುಗ್ಗಿಗೆ, ಹಬ್ಬಕ್ಕೆ, ಮದುವೆಗೆ. ಈಗ ಅದು ಬರುವುದೂ ಇಲ್ಲ, ಹೋಗುವುದೂ ಇಲ್ಲ, ಮನೆಯಲ್ಲೇ ಕುಳಿತಿದೆ. ಬೇವಿಲ್ಲದ ಬೆಲ್ಲವನ್ನು ವರ್ಷವಿಡೀ ತಿಂದರೆ ಯುಗಾದಿಗೆ ಏನುಳಿಯಿತು?

ಇಷ್ಟರ ಮಟ್ಟಿಗೆ ಕಥೆ ಸುಖಾಂತ. ಚೀಟಿಯ ಅಂಕೆ ಇಳಿಯಿತು, ವೈದ್ಯರು ಕೈ ಕುಲುಕಿದರು. ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ನಾನು ಗೆದ್ದವನಂತೆ ನಡೆಯತೊಡಗಿದೆ. ಮದುವೆಯ ಪಂಕ್ತಿಯಲ್ಲಿ ಚಿರೋಟಿ ಬಂದರೆ ಎಲೆಗೆ ಕೈ ಅಡ್ಡ ಹಿಡಿದು, ಪಕ್ಕದವರಿಗೂ ಕೇಳುವಂತೆ, “ಬಿಟ್ಟುಬಿಟ್ಟಿದ್ದೇನೆ” ಎನ್ನುವೆ. ಅವರ ಎಲೆಯ ಚಿರೋಟಿಯನ್ನು ಒಂದು ನೋಟ ನೋಡುವೆ. ಸಕ್ಕರೆಗಿಂತ ಇದು ಹೆಚ್ಚು ಸಿಹಿಯಾಗಿತ್ತು.

ಒಂದು ದಿನ ಹಿಂದುಳಿದ ಹಳ್ಳಿಯೊಂದರಿಂದ ಬಂದ ವಿದ್ಯಾರ್ಥಿಯ ತಂದೆ ಕಾಲೇಜಿಗೆ ಬಂದರು. ಮಗ ಬಿ.ಎ.ಯಲ್ಲಿ ತೇರ್ಗಡೆಯಾಗಿದ್ದ; ಅವರ ವಂಶದಲ್ಲೇ ಮೊದಲನೆಯವನು. ಪಂಚೆಯ ತುದಿಯಿಂದ ಮುಖ ಒರಸಿಕೊಂಡು, ಕಾಗದದ ಪೊಟ್ಟಣ ಬಿಚ್ಚಿ, “ಬಾಯಿ ಸಿಹಿ ಮಾಡ್ಕಳಿ ಸ್ವಾಮಿ” ಎಂದು ಎರಡು ಲಾಡು ಮುಂದೆ ಹಿಡಿದರು. ನಾನು ನಗುತ್ತಲೇ, “ಸಿಹಿ ತಿನ್ನುವುದಿಲ್ಲ, ಕ್ಷಮಿಸಿ” ಎಂದೆ. ಅವರು ಪೊಟ್ಟಣವನ್ನು ಮತ್ತೆ ಮಡಿಸಿದರು. ಮಡಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು. ನನ್ನ ಆರೋಗ್ಯದ ಕಾರಣ ಅವರಿಗೆ ಕೇಳಿಸಿರಲಾರದು; ತಮ್ಮ ಕೈಯದು ಬೇಡವಾಯಿತು ಎಂದಷ್ಟೇ ಕಂಡಿರಬೇಕು. ನಮ್ಮ ದೇಶದಲ್ಲಿ ಹಾಗೆ ತಿಳಿಯುವುದಕ್ಕೆ ಅವರಿಗೆ ಸಾವಿರ ವರ್ಷದ ಕಾರಣಗಳಿವೆ. ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡಿದ್ದರೆ ನನ್ನ ರಕ್ತದಲ್ಲಿ ಏನೂ ಪ್ರಳಯವಾಗುತ್ತಿರಲಿಲ್ಲ. ಆದರೆ ನನ್ನ ವ್ರತಕ್ಕೆ ಭಂಗ ಬರುತ್ತಿತ್ತು. ಯಾವುದು ದೊಡ್ಡದು ಎಂದು ಆ ಕ್ಷಣದಲ್ಲಿ ನಾನು ತಪ್ಪಾಗಿ ತೂಗಿದೆ.

ಆ ರಾತ್ರಿ ಡಬ್ಬದ ಕೊಂಡಿಯನ್ನು ನೋಡುತ್ತ ಕುಳಿತಿದ್ದೆ. ಬೋಧಿವೃಕ್ಷದ ಕೆಳಗೆ ಕೂರುವ ಮೊದಲು ಬುದ್ಧನು ಎಲುಬು ಕಾಣುವವರೆಗೆ ಉಪವಾಸ ಮಾಡಿದನೆಂದೂ, ಅದು ದಾರಿಯಲ್ಲವೆಂದು ಕಂಡು ಸುಜಾತೆಯೆಂಬ ಹೆಂಗಸು ತಂದ ಪಾಯಸವನ್ನು ಉಂಡನೆಂದೂ ಬೌದ್ಧರ ಕಥೆ. ಜೊತೆಯಲ್ಲಿದ್ದ ಐವರು ತಪಸ್ವಿಗಳು ಇವನು ಕೆಟ್ಟನೆಂದು ಬಿಟ್ಟುಹೋದರು. ನಾನು ಯಾವಾಗಲೂ ಆ ಐವರ ಜೊತೆಗೇ ನಡೆದವನು.

ಅಮ್ಮನ ವಿಷಯದಲ್ಲಿ ನಾನು ಮಾಡಿದ್ದು ತಪ್ಪೆ? ಈ ಪ್ರಶ್ನೆಯನ್ನು ನಾನು ಹಲವು ಸಲ ತಿರುಗಿಸಿ ನೋಡಿದ್ದೇನೆ. ಸಕ್ಕರೆ ಅವಳಿಗೆ ವಿಷವೆಂದದ್ದು ಸುಳ್ಳಲ್ಲ. ಅವಳ ಕಾಲಿನ ಹುಣ್ಣು ಮಾಯುವುದಕ್ಕೆ ಐದು ತಿಂಗಳು ಹಿಡಿದಿತ್ತು. ಮಗನಾದವನು ಸುಮ್ಮನಿರುವುದು ಸಾಧ್ಯವಿರಲಿಲ್ಲ. ಡಬ್ಬವನ್ನು ಕಣ್ಣಿಗೆ ಕಾಣದ ಕಡೆ ಇಡಬಹುದಿತ್ತು. ನಾವೂ ಸಕ್ಕರೆ ಬಿಟ್ಟು, ಮನೆಗೆ ತಾರದೆ ಇರಬಹುದಿತ್ತು. ಅದು ನನಗೆ ಹೊಳೆಯಲೇ ಇಲ್ಲ, ಏಕೆಂದರೆ ನನ್ನ ಐದು ಲೋಟ ಕಾಫಿಗೆ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಹೆಂಡತಿ ಈಗ ನನಗೆ ಮಾಡಿದ ಹಾಗೆ ಮಧ್ಯಾಹ್ನಕ್ಕೆ ಒಂದು ಬಟ್ಟಲು ಉಸಲಿ ಮಾಡಿ ಎದುರಿಗೆ ಕೂತು ತಿನ್ನಿಸಬಹುದಿತ್ತು. ನಾಚಿಕೆಯಾಗುವುದಿಲ್ಲವೆ ಎಂದು ಕೇಳಿದೆನಲ್ಲ, ಅವಳಿಗೆ ನಾಚಿಕೆಯಾಗಿತ್ತು. ಬಹಳವಾಗಿಯೇ ಆಗಿತ್ತು. ಆ ಕೈ ಸೆರಗಿನ ಹಿಂದೆ ಹೋದದ್ದು ಅದರಿಂದಲೇ. ನಾಚಿಕೆ ಅವಳ ಚಪಲವನ್ನು ಬಿಡಿಸಲಿಲ್ಲ, ಒಂಟಿಯಾಗಿ ತಿನ್ನುವುದನ್ನು ಮಾತ್ರ ಕಲಿಸಿತು.

ಅವಳು ತೀರಿಕೊಂಡದ್ದು ಹೃದಯದ ತೊಂದರೆಯಿಂದ. ಹದಿಮೂರನೆಯ ದಿನ ಕಳೆದ ಮೇಲೆ ಅವಳ ಪೆಟ್ಟಿಗೆ ತೆಗೆದೆವು. ಮಡಿಸೀರೆಯ ಮಡಿಕೆಯೊಳಗೆ ಒಂದು ಕಾಗದದ ಪೊಟ್ಟಣ. ಅದರಲ್ಲಿ ಯಾವುದೋ ದೇವಸ್ಥಾನದ ಪ್ರಸಾದದ ನಾಲ್ಕು ಹರಳು ಕಲ್ಲುಸಕ್ಕರೆ. ಸಂಸ್ಕೃತದಲ್ಲಿ ಶರ್ಕರಾ ಎಂದರೆ ಮೊದಲು ಮರಳು, ಹರಳುಗಲ್ಲು, ಆಮೇಲೆ ಸಕ್ಕರೆ. ತರಗತಿಯಲ್ಲಿ ಈ ವ್ಯುತ್ಪತ್ತಿಯನ್ನು ಹೇಳುವಾಗ ಈಗ ನನ್ನ ದನಿ ಒಂದು ಗಳಿಗೆ ನಿಲ್ಲುತ್ತದೆ. ಹುಡುಗರು ಬರೆದುಕೊಳ್ಳಲಿ ಎಂದು ನಿಲ್ಲಿಸಿದೆ ಅಂದುಕೊಳ್ಳುತ್ತಾರೆ.

ಅಮ್ಮನ ತಿಥಿ ಮಾಘದಲ್ಲಿ ಬರುತ್ತದೆ. ಹಿಂದಿನ ರಾತ್ರಿ ನನಗೆ ಊಟವಿಲ್ಲ. ತಿಥಿಯ ದಿನ ಬ್ರಾಹ್ಮಣರ ಊಟವಾಗುವವರೆಗೂ ಬಾಯಿಗೆ ಏನೂ ಇಲ್ಲ. ಇದು ನನ್ನ ವೈದ್ಯರು ಹೇಳಿದ ಉಪವಾಸವಲ್ಲ, ಆದರೂ ಗಂಟೆ ಲೆಕ್ಕ ಹಾಕಿದರೆ ಅದಕ್ಕಿಂತ ಉದ್ದವಾದುದೇ. ಅಮ್ಮನಿಗೆ ಕಜ್ಜಾಯವೆಂದರೆ ಪ್ರಾಣ. ಆದ್ದರಿಂದ ಅಂದು ಕಜ್ಜಾಯ ಆಗಲೇಬೇಕು. ಬದುಕಿರುವಾಗ ಬೀಗ ಹಾಕಿ ಇಟ್ಟದ್ದನ್ನು ಸತ್ತ ಮೇಲೆ ಮಂತ್ರ ಹೇಳಿ ಬಡಿಸುತ್ತೇನೆ. ಕೊನೆಗೆ ಮನೆಯವರ ಪಂಕ್ತಿಯಲ್ಲಿ ಹೆಂಡತಿ ಕಜ್ಜಾಯದ ತಟ್ಟೆ ಹಿಡಿದು ನನ್ನ ಮುಂದೆ ನಿಲ್ಲುತ್ತಾಳೆ. ಅಂದು ಎಲೆಗೆ ಕೈ ಅಡ್ಡ ಹಿಡಿಯುವುದಿಲ್ಲ. ಕಳೆದ ವರ್ಷ ಒಂದು ತಿಂದೆ. ಇನ್ನೊಂದು ಹಾಕಲೇ ಎಂದು ಅವಳು ಕೇಳಿದಳು. ಬೇಕು ಎನಿಸಿತು, ಹಾಕಿಸಿಕೊಂಡೆ. ಅರ್ಧ ತಿಂದು, ಉಳಿದರ್ಧವನ್ನು ಮಗಳ ಎಲೆಗೆ ಇಟ್ಟೆ. “ಅಜ್ಜಿ ಹೀಗೇ ನನಗೆ ಕೊಡ್ತಿದ್ದಳು, ನೀವು ನೋಡದೆ ಇರುವಾಗ” ಎಂದಳು.